ಬಿಯರ್ ಒಲೆಗೆ ಗಾಳಿ ಅಡ್ಡ: ಪ್ಲೈವುಡ್ಡೋ, ಬ್ಲಾಕೋ, ತಗಡೋ?

ನಮ್ಮ ಮನೆ ಅಮೆರಿಕದ ಡೆನ್ವರ್ ಹತ್ತಿರ, ಸಮುದ್ರಮಟ್ಟಕ್ಕಿಂತ ತುಂಬಾ ಎತ್ತರದ ಜಾಗ. ಮಾರ್ಚ್ ಬಂದರೆ ಸಾಕು, ರಾಕಿ ಬೆಟ್ಟಗಳ ಕಡೆಯಿಂದ ಗಾಳಿ ಶುರು. ನನಗೋ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು. 19 ಲೀಟರ್ ಬಿಯರ್ ಬೇಕಾದರೆ ಸುಮಾರು 25 ಲೀಟರ್ ವರ್ಟ್, ಅಂದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ನೀರನ್ನು, ಒಂದು ಗಂಟೆ ಕುದಿಸಬೇಕು. ಅಡುಗೆಮನೆ ಒಲೆಗೆ ಅದು ಆಗದ ಮಾತು. ಹಾಗಾಗಿ ಹಿತ್ತಲಲ್ಲಿ ಪ್ರೊಪೇನ್ ಬರ್ನರ್.

ಒಂದು ಭಾನುವಾರ 50 ನಿಮಿಷ ಉರಿಸಿದರೂ ಥರ್ಮಾಮೀಟರ್ 88 ಡಿಗ್ರಿ ದಾಟಲಿಲ್ಲ. ಈ ಎತ್ತರದಲ್ಲಿ ನೀರು ಕುದಿಯೋದೇ 95ರ ಹತ್ತಿರ, ಅದೂ ಸಿಗಲಿಲ್ಲ. ವಿಡಿಯೋ ಕಾಲ್‌ನಲ್ಲಿದ್ದ ಅಮ್ಮ, "ಅದ್ಯಾಕೋ ಉರಿ ಹಂಗೆ ಅಡ್ಡ ಮಲಗಿದೆ? ಮದುವೆಮನೇಲಿ ಅಡುಗೆಯವರು ಒಲೆ ಸುತ್ತ ತಗಡು ನಿಲ್ಲಿಸ್ತಿರ್ಲಿಲ್ವಾ?" ಅಂದರು. ಏನು ಬೇಯಿಸ್ತಿದ್ದೀಯ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ವಾರಗಳಲ್ಲಿ ಬರೀ ನೀರಿಟ್ಟು ನೋಡಿದೆ. ಪ್ರತಿ ಸಲ 25 ಲೀಟರ್, 15 ಡಿಗ್ರಿಯ ನಲ್ಲಿ ನೀರು, ನಾಬ್ ಅದೇ ಗುರುತಿಗೆ. ಗಾಳಿಯಿಲ್ಲದ ದಿನ 30 ನಿಮಿಷಕ್ಕೆ ಕುದಿ ಬಂತು. ಉಳಿದದ್ದೆಲ್ಲ ಗಾಳಿಯಿದ್ದ ದಿನಗಳ ಲೆಕ್ಕ. ಗಾಳಿ ದಿನಾ ಒಂದೇ ಥರ ಬೀಸಲ್ಲ, ಹಾಗಾಗಿ ಒಂದೆರಡು ನಿಮಿಷ ಆಚೀಚೆ ಇಟ್ಟುಕೊಳ್ಳಿ.

ಮೊದಲು ಗ್ಯಾರೇಜಿನಲ್ಲಿ ಬಿದ್ದಿದ್ದ ಪ್ಲೈವುಡ್ ಹಲಗೆ. 41 ನಿಮಿಷ. ಮರ ಅಲ್ವಾ, ಉರಿಯಿಂದ ಎರಡು ಅಡಿ ದೂರ ಇಡಬೇಕು. ಅಷ್ಟು ಜಾಗ ಸಿಕ್ಕರೆ ಗಾಳಿ ಸುತ್ತಿ ಬಂದೇ ಬರುತ್ತೆ. ಎರಡು ಸಲ ಬಿದ್ದೂ ಬಿತ್ತು.

ಆಮೇಲೆ ಸಿಮೆಂಟ್ ಬ್ಲಾಕ್, ಎಂಟು. 35 ನಿಮಿಷ. ಕೆಲಸವೇನೋ ಚೆನ್ನಾಗೇ ಮಾಡುತ್ತವೆ, ಆದರೆ ಒಂದೊಂದೂ ಹೆಚ್ಚುಕಮ್ಮಿ 15 ಕೆಜಿ. ಮಳೆಯಲ್ಲಿ ನೆನೆದ ಬ್ಲಾಕನ್ನು ಬೆಂಕಿ ಪಕ್ಕ ಇಡಲೇಬಾರದು, ಒಳಗಿನ ನೀರು ಆವಿಯಾಗಿ ಚೂರು ಸಿಡಿಯಬಹುದು. ಜಾಗ ಬದಲಿಸದೆ ಒಂದೇ ಕಡೆ ಮಾಡುವವರಿಗೆ ಸರಿ. ನನ್ನ ಸೊಂಟ ಒಪ್ಪಲಿಲ್ಲ.

ಕೊನೆಗೆ ಅಮ್ಮ ಹೇಳಿದ ತಗಡೇ. ಚಾವಣಿ ಕೆಲಸಕ್ಕೆ ಬಳಸುವ ಅಲ್ಯೂಮಿನಿಯಂ ಸುರುಳಿ, 10 ಇಂಚು ಅಗಲ, 10 ಅಡಿ ಉದ್ದ. ಜಿಂಕ್ ಬಳಿದ ತಗಡು ಬೇಡ, ಜಾಸ್ತಿ ಕಾದರೆ ಅದರ ಹೊಗೆ ಒಳ್ಳೆಯದಲ್ಲ. ಕತ್ತರಿಸಿ, ಸ್ಟ್ಯಾಂಡಿನ ಕಾಲುಗಳಿಗೆ ಬೋಲ್ಟ್ ಹಾಕಿ ಸುತ್ತಿದೆ. ಉರಿಗಿಂತ ಸ್ವಲ್ಪ ಕೆಳಗಿಂದ ಶುರುವಾಗಿ, ಪಾತ್ರೆಯ ತಳ ದಾಟಿ ಎರಡು ಇಂಚು ಮೇಲಕ್ಕೆ ಬರುವ ಹಾಗೆ. ಗಾಳಿ ಹಾಳು ಮಾಡೋದು ಉರಿ ಮತ್ತು ತಳದ ನಡುವಿನ ಆ ಜಾಗದಲ್ಲೇ. ಉರಿಯ ಬಿಸಿ ಪಾತ್ರೆಯ ಪಕ್ಕ ಸವರಿಕೊಂಡು ಏರಬೇಕು, ಬೀಸುವ ಗಾಳಿ ಅದನ್ನು ಎಳೆದುಕೊಂಡು ಹೋಗುತ್ತೆ.

ಆದರೆ ಮೊದಲ ಸಲ ದಡ್ಡನ ಹಾಗೆ ಪೂರ್ತಿ ಸುತ್ತಿಬಿಟ್ಟೆ. ಹತ್ತು ನಿಮಿಷಕ್ಕೆ ಉರಿ ಹಳದಿ. ಪಾತ್ರೆ ಎತ್ತಿದರೆ ತಳದಲ್ಲಿ ಬೆರಳಿಗೆ ಅಂಟುವ ಮಸಿ. ಬರ್ನರ್‌ಗೆ ಹೋಗುವ ಪೈಪು ಮುಟ್ಟಿದೆ, ಬೆಚ್ಚಗಿತ್ತು. ತಕ್ಷಣ ಆರಿಸಿದೆ. ಉರಿಗೂ ಉಸಿರು ಬೇಕಲ್ಲ! ಈಗ ಗಾಳಿ ಬರುವ ಕಡೆ ಮುಚ್ಚಿ, ಅದರ ಎದುರು ಬದಿಯಲ್ಲಿ ಕಾಲು ಭಾಗ ಬಿಟ್ಟಿದ್ದೇನೆ. ಸಿಲಿಂಡರ್ ತಗಡಿನ ಹೊರಗೆ, ಗಾಳಿ ಬರುವ ಕಡೆಗೇ, ಪೈಪು ಎಟಕುವಷ್ಟು ದೂರ. ಹೀಗೆ ಮಾಡಿದ ಮೇಲೆ 32 ನಿಮಿಷ, ಉರಿ ನೀಲಿ. ಒಂದೇ ಕಿರಿಕಿರಿ: ಹಚ್ಚೋಕೆ ಉದ್ದ ಕತ್ತಿನ ಲೈಟರ್ ಬೇಕು.

ಗ್ಯಾರೇಜ್ ಒಳಗೇ ಹಚ್ಚಿದರೆ ಇದ್ಯಾವುದೂ ಬೇಡ ಅಂತ ಒಬ್ಬ ಗೆಳೆಯ ಹೇಳಿದ. ಅದನ್ನು ನಾನು ಪರೀಕ್ಷೆಗೂ ತೆಗೆದುಕೊಳ್ಳಲಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಾಗಿಲು ಅರ್ಧ ತೆಗೆದಿಟ್ಟರೂ ನಂಬೋ ಹಾಗಿಲ್ಲ.

ತಗಡಿಗೂ ಮಿತಿ ಇದೆ. ಎದುರು ಮನೆಯ ಬಾವುಟ ಅಡ್ಡಕ್ಕೆ ನಿಂತು ಪಟಪಟ ಅನ್ನುತ್ತಿದ್ದರೆ ಅವತ್ತು ಮಾಲ್ಟ್ ಪುಡಿ ಮಾಡೋದನ್ನೇ ಮುಂದಿನ ವಾರಕ್ಕೆ ಹಾಕುತ್ತೇನೆ.