ವರಗಳು ಮತ್ತು ಐಕ್ಯ: ಮಂಗಳೂರಿನಲ್ಲಿ ಮೂರು ಸಂಜೆಗಳ ಸತ್ಯವೇದ ಅಧ್ಯಯನ

ಮಂಗಳೂರಿನ ಕ್ರೈಸ್ತ ಸಭೆಯೊಂದು ಕಳೆದ ತಿಂಗಳು ನಡೆಸಿದ ಮೂರು ಸಂಜೆಗಳ ಸತ್ಯವೇದ (ಬೈಬಲ್) ಅಧ್ಯಯನಕ್ಕೆ ನಾನು ಒಂದು ದಿನವೂ ತಪ್ಪಿಸದೆ ಹೋಗಿದ್ದೆ. ವಿಷಯ ಪವಿತ್ರಾತ್ಮನ ವರಗಳು ಮತ್ತು ಸಭೆಯ ಐಕ್ಯ; ಪಠ್ಯ, ಯೇಸುವಿನ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ 12, 13 ಮತ್ತು 14ನೆಯ ಅಧ್ಯಾಯಗಳು. ಶುಲ್ಕವಿರಲಿಲ್ಲ, ಎಲ್ಲ ಪಂಗಡದವರಿಗೂ ಪ್ರವೇಶವಿತ್ತು.

ಮದುವೆಗಳಲ್ಲಿ ಓದುವ, ಪ್ರೀತಿಯ ಕುರಿತಾದ 13ನೆಯ ಅಧ್ಯಾಯವನ್ನು ನಾವು ಬಿಡಿಯಾಗಿಯೇ ಕೇಳಿ ಬೆಳೆದವರು. ಬೋಧಕರು ಅದನ್ನು ಅಕ್ಕಪಕ್ಕದ ಅಧ್ಯಾಯಗಳ ನಡುವೆ ಇಟ್ಟು ಓದಿಸಿದಾಗ, ಪ್ರೀತಿಯ ಆ ಮಾತು ನವದಂಪತಿಗಳಿಗಲ್ಲ, ಪೌಲನವರು, ಇನ್ನೊಬ್ಬ ಬೋಧಕನಾದ ಅಪೊಲ್ಲೋಸನವರು ಎಂದು ಪಕ್ಷ ಕಟ್ಟಿಕೊಂಡು, ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿಯೂ ಕೆಲವರು ಕುಡಿದು ಮತ್ತರಾಗಿ ಕೆಲವರು ಹಸಿದುಕೊಂಡೇ ಇರುವಂತೆ ನಡೆದುಕೊಂಡ ಜನರಿಗೆ ಬರೆದದ್ದು ಎಂಬುದು ಸ್ಪಷ್ಟವಾಯಿತು.

‘ವರ’ ಎಂಬ ಶಬ್ದದ ವಿವರಣೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಕನ್ನಡದ ಕಿವಿಗೆ ವರವೆಂದರೆ ತಪಸ್ಸು ಮಾಡಿ ದೇವರನ್ನು ಒಲಿಸಿ ಪಡೆಯುವಂಥದ್ದು, ಪಡೆದವನ ಹಿರಿಮೆಗೆ ಸಾಕ್ಷಿ. ಪೌಲನು ಬಳಸಿದ ಗ್ರೀಕ್ ಶಬ್ದ ‘ಖಾರಿಸ್ಮ’ ಕೃಪೆ ಎಂಬರ್ಥದ ‘ಖಾರಿಸ್’ನಿಂದ ಬಂದದ್ದು, ಅದು ಸಂಪಾದನೆಯಲ್ಲ. 12ನೆಯ ಅಧ್ಯಾಯದ ಆರಂಭದಲ್ಲಿ ಹೆಸರಿಸಿದ ಒಂಬತ್ತು ವರಗಳಲ್ಲಿ ಯಾವುದೂ ಪಡೆದವನ ಸ್ವಂತಕ್ಕಲ್ಲ, ಎಲ್ಲರ ಪ್ರಯೋಜನಕ್ಕೆ ಕೊಟ್ಟದ್ದು. ಆ ಒಂಬತ್ತರಲ್ಲಿ ಅನ್ಯಭಾಷೆಯಾಡುವುದೂ, ಅಂದರೆ ಆತ್ಮಪ್ರೇರಣೆಯಿಂದ ತಿಳಿಯದ ಭಾಷೆಯಲ್ಲಿ ಮಾತಾಡುವುದೂ, ಒಂದು; ನಮ್ಮ ಸಭೆಗಳಲ್ಲಿ ಹಾಗೆ ಮಾತಾಡುವವರನ್ನು ಒಂದು ಮೆಟ್ಟಿಲು ಮೇಲಿಟ್ಟು ನೋಡುವ ರೂಢಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಎರಡನೆಯ ಸಂಜೆ ಹಿರಿಯರೊಬ್ಬರು ತುಳುವಿನಲ್ಲಿ ಆರಂಭದ ಪ್ರಾರ್ಥನೆ ಮಾಡಿದರು. 1847ರಲ್ಲಿಯೇ ಹೊಸ ಒಡಂಬಡಿಕೆ ತುಳುವಿಗೆ ಬಂದಿರುವ ಈ ಊರಿನಲ್ಲಿ ಅದು ಸಹಜವೇ. ಆದರೆ ನನ್ನ ಪಕ್ಕದಲ್ಲಿದ್ದ ಹುಬ್ಬಳ್ಳಿ ಕಡೆಯ ತರುಣ, ಎಲ್ಲರೂ ‘ಆಮೆನ್’ ಎಂದಾಗ ಬಾಯಿ ತೆರೆಯದೆ ಮಡಿಲಲ್ಲಿದ್ದ ಸತ್ಯವೇದದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಮರುದಿನ ಓದಿದ 14ನೆಯ ಅಧ್ಯಾಯದ 16ನೆಯ ವಚನ ಕೇಳುವುದೂ ಅದನ್ನೇ: ನಿನ್ನ ಮಾತು ತಿಳಿಯದವನು ನಿನ್ನ ಸ್ತೋತ್ರಕ್ಕೆ ‘ಆಮೆನ್’ ಎನ್ನುವುದು ಹೇಗೆ? ಆ ವಚನ ಓದಿದ ಮೇಲೆ ಆ ಹಿರಿಯರೇ ಎದ್ದು, ತಮ್ಮ ಹಿಂದಿನ ದಿನದ ಪ್ರಾರ್ಥನೆಯನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿದರು. ಈ ಸಲ ಆ ತರುಣನ ‘ಆಮೆನ್’ ನನಗೆ ಕೇಳಿಸಿತು.

ಐಕ್ಯವೆಂದರೆ ಏಕರೂಪವಲ್ಲ ಎಂಬುದಕ್ಕೆ ಬೋಧಕರು 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯ ಉದಾಹರಣೆ ಕೊಟ್ಟರು: ಬಿಷಪರಿದ್ದ ಆಂಗ್ಲಿಕನ್ನರೂ ಬಿಷಪರಿಲ್ಲದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಪರಂಪರೆಯವರೂ ಅಲ್ಲಿ ಕೂಡಿದರು. ಉದಾಹರಣೆ ಒಳ್ಳೆಯದೇ, ಆದರೆ ಅದು ಐದು ನಿಮಿಷದಲ್ಲಿ ಮುಗಿಯಬಾರದಿತ್ತು.

ಕೊರತೆಗಳಲ್ಲಿ ದೊಡ್ಡದು 14ನೆಯ ಅಧ್ಯಾಯದ ಕೊನೆಯ ಭಾಗವನ್ನು ಅವಸರದಲ್ಲಿ ದಾಟಿಸಿದ್ದು. ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆನ್ನುವ ವಚನ, ಅವರು ಪ್ರಾರ್ಥಿಸುವ ಮತ್ತು ಪ್ರವಾದಿಸುವ (ದೇವರ ಪ್ರೇರಣೆಯಿಂದ ಮಾತಾಡುವ) ಪ್ರಸ್ತಾಪವಿರುವ 11ನೆಯ ಅಧ್ಯಾಯದೊಡನೆ ಹೇಗೆ ಹೊಂದುತ್ತದೆ ಎಂದು ಮಹಿಳೆಯೊಬ್ಬರು ಕೇಳಿದ ಪ್ರಶ್ನೆಗೆ ಸಮಯವಿಲ್ಲವೆಂಬ ಉತ್ತರ ಸಿಕ್ಕಿತು. ಅರ್ಧದಷ್ಟು ಶ್ರೋತೃಗಳು ಮಹಿಳೆಯರೇ ಆಗಿದ್ದ ಕೂಟದಲ್ಲಿ ಇದು ಸಣ್ಣ ಲೋಪವಲ್ಲ. ಹಂಚಿದ ಹಾಳೆಗಳ ಅಕ್ಷರವೂ ವಯಸ್ಸಾದವರಿಗೆ ಓದಲಾಗದಷ್ಟು ಚಿಕ್ಕದಾಗಿತ್ತು.

ಮುಂದಿನ ಅಧ್ಯಯನ ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಮೇಲೆ ನಡೆಯಲಿದೆ. ಅಲ್ಲಿ ದಾನ ಕೊಡುವುದನ್ನೂ ಕರುಣೆ ತೋರಿಸುವುದನ್ನೂ ವರಗಳೆಂದೇ ಎಣಿಸಲಾಗಿದೆ. ನಾನು ಹೆಸರು ಕೊಟ್ಟಿದ್ದೇನೆ. ಆ ಮಹಿಳೆಯ ಪ್ರಶ್ನೆಗೆ ಮೊದಲು ಸಮಯ ಕೊಡಬೇಕೆಂದು ಬರೆದೂ ಕೊಟ್ಟಿದ್ದೇನೆ.