ಮುಟ್ಟದೆ ತೊಳೆಯುವ ಯಂತ್ರ ಮತ್ತು ನನ್ನ ಸಣ್ಣ ಕಾರು: ಎರಡು ಮಳೆಗಾಲದ ಅನುಭವ

ನನ್ನದು 2019ರ ವ್ಯಾಗನ್ ಆರ್, ನೀಲಿ ಬಣ್ಣ. ಸುರತ್ಕಲ್‌ನ ನಮ್ಮ ಮನೆಗೆ ಕಡಲು ಕಾಣಿಸುವುದಿಲ್ಲ, ರಾತ್ರಿ ಅಲೆಯ ಸದ್ದು ಮಾತ್ರ ಕೇಳಿಸುತ್ತದೆ. ಆದರೆ ಅಂಗಳದಲ್ಲಿ ಬಟ್ಟೆ ಒಣಗಿಸುವ ತಂತಿ ಎರಡು ವರ್ಷವೂ ಬಾಳುವುದಿಲ್ಲ, ಅಷ್ಟು ಬೇಗ ತುಕ್ಕು ಹಿಡಿಯುತ್ತದೆ. ಕೆಲಸಕ್ಕೆ ದಿನವೂ ಮಣಿಪಾಲಕ್ಕೆ ಹೋಗಿ ಬರುತ್ತೇನೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಹೆಚ್ಚು ಹೇಳಬೇಕಿಲ್ಲ: ಐಸು ಕರಗಿ ಸೋರುವ ಉಪ್ಪುನೀರು ಗಾಜಿಗೆ, ಬಾನೆಟ್‌ಗೆ, ಎಲ್ಲಕ್ಕಿಂತ ಹೆಚ್ಚಾಗಿ ಕಾರಿನ ತಳಕ್ಕೆ ಸಿಡಿಯುತ್ತದೆ.

ಅಪ್ಪನ ಹಳೆಯ ಕಾರು ಎಂಜಿನ್ ಕೆಟ್ಟು ಹೋದದ್ದಲ್ಲ, ತಳ ತುಕ್ಕು ತಿಂದು ಹೋದದ್ದು. ಮೇಲೆ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಆ ನೆನಪಿನಿಂದಲೇ ನಾನು ಮುಟ್ಟದೆ ತೊಳೆಯುವ ಯಂತ್ರದ ಕಡೆ ಹೋದೆ, ಹೊಳಪಿನ ಆಸೆಯಿಂದಲ್ಲ. ನಾನು ಹೋಗುವ ಕಡೆ ತಳಕ್ಕೆ ನೀರು ಚಿಮ್ಮಿಸುವ ನಳಿಗೆಗಳ ಸಾಲು ನೆಲದಲ್ಲೇ ಇದೆ. ಕಾರು ನಿಂತಲ್ಲೇ ನಿಲ್ಲುತ್ತದೆ. ಮೇಲಿನಿಂದ ಇಳಿದ ತೋಳೊಂದು ಸುತ್ತಲೂ ತಿರುಗಿ ಮೊದಲು ಕಾರಿನ ಅಳತೆ ತೆಗೆದುಕೊಳ್ಳುತ್ತದೆ, ಆಮೇಲೆ ನೊರೆ, ರಭಸದ ನೀರು, ತೆಳುವಾದ ವ್ಯಾಕ್ಸ್, ಕೊನೆಗೆ ಗಾಳಿ. ಬ್ರಶ್ ಇಲ್ಲ. ಎಲ್ಲ ಸೇರಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ತಳವೂ ಸೇರಿ ನಾನು ಕೊಡುವುದು 400 ರೂಪಾಯಿ.

ತಳ ತೊಳೆಸುವುದಕ್ಕೆ ಕೊಟ್ಟ ಹಣ ಒಮ್ಮೆಯೂ ವ್ಯರ್ಥವೆನಿಸಿಲ್ಲ. ಗಾಳಿಯ ತೇವಾಂಶ ಶೇ. 75ರ ಆಸುಪಾಸು ದಾಟಿದರೆ ಉಪ್ಪು ತಾನಾಗಿಯೇ ನೀರೆಳೆದುಕೊಂಡು ಕರಗುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ರಾತ್ರಿಗಳು ಹಾಗೆಯೇ ಇರುತ್ತವೆ. ಅಂದರೆ ಮಳೆ ಬಾರದ ದಿನವೂ ಕಾರಿನ ತಳ ಉಪ್ಪುನೀರಿನಲ್ಲಿ ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡರೆ ಒಣಗುವ ಮಾತೇ ಇಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ತಳ ತೊಳೆಸುತ್ತಿದ್ದೇನೆ. ಈ ಸಲ ಸರ್ವಿಸ್‌ಗೆ ಕಾರು ಮೇಲೆತ್ತಿದಾಗ ನಾನೇ ಕೆಳಗೆ ನಿಂತು ನೋಡಿದೆ. ಸೈಲೆನ್ಸರ್‌ನ ಬೆಸುಗೆಯ ಬಳಿ ಸ್ವಲ್ಪ ತುಕ್ಕು ಬಿಟ್ಟರೆ ಉಳಿದೆಲ್ಲವೂ ಶುದ್ಧವಾಗಿತ್ತು.

ಇನ್ನು ಪೈಂಟಿನ ವಿಷಯ. ‘ಮುಟ್ಟದೆ’ ಎಂಬ ಮಾತನ್ನು ನಂಬಿ ನಾನು ಒಮ್ಮೆ ನಷ್ಟ ಮಾಡಿಕೊಂಡಿದ್ದೇನೆ. ಬಾನೆಟ್‌ನ ಅಂಚಿನಲ್ಲಿ ಲಾರಿಯಿಂದ ಸಿಡಿದ ಜಲ್ಲಿ ತಾಗಿ ಸಾಸಿವೆ ಕಾಳಿನಷ್ಟು ಪೈಂಟ್ ಹಾರಿತ್ತು. ತೊಳೆಯುವ ಮೊದಲು ಅಲ್ಲಿನ ಹುಡುಗನಿಗೆ ತೋರಿಸಿದೆ. “ಏನೂ ಆಗುವುದಿಲ್ಲ ಅಕ್ಕ, ಇದು ಮುಟ್ಟುವುದೇ ಇಲ್ಲವಲ್ಲ” ಎಂದ. ತೊಳೆದು ಹೊರಬಂದಾಗ ಆ ಜಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಪೈಂಟ್ ಎದ್ದು ಹೋಗಿತ್ತು. ರಭಸದ ನೀರು ಗಟ್ಟಿ ಪೈಂಟಿಗೆ ಏನೂ ಮಾಡುವುದಿಲ್ಲ, ಆದರೆ ಒಮ್ಮೆ ಅಂಚು ಬಿಟ್ಟ ಪೈಂಟಿನ ಅಡಿಗೆ ನುಗ್ಗಿದರೆ ಸಿಪ್ಪೆಯಂತೆ ಎಬ್ಬಿಸಿಬಿಡುತ್ತದೆ. ಮಾಲೀಕರು ಹೊಣೆ ಹೊರಲಿಲ್ಲ. ನನಗೆ ಈಗಲೂ ಬೇಸರವಿದೆ. ಅಂದಿನಿಂದ ಸಣ್ಣ ಚುಕ್ಕೆ ಕಂಡರೂ ಟಚ್‌ಅಪ್ ಪೈಂಟ್ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆಯೇ ಕಾರು ಒಳಗೆ ಬಿಡುತ್ತೇನೆ. ಬಂಪರ್‌ಗೋ ಬಾಗಿಲಿಗೋ ಹೊಸದಾಗಿ ಪೈಂಟ್ ಮಾಡಿಸಿದ್ದರೆ ಕನಿಷ್ಠ ಒಂದು ತಿಂಗಳು ಈ ಕಡೆ ತಲೆ ಹಾಕಬೇಡಿ.

ಎರಡನೆಯದು ನೊರೆ. ಉಜ್ಜುವ ಕೈ ಇಲ್ಲದ ಕಾರಣ ಕೊಳೆ ಬಿಡಿಸುವ ಕೆಲಸವನ್ನೆಲ್ಲ ರಾಸಾಯನಿಕವೇ ಮಾಡಬೇಕು. ಹಾಗಾಗಿ ಮೊದಲು ಸಿಂಪಡಿಸುವ ದ್ರವ ಸಾಮಾನ್ಯ ಕಾರ್ ಶ್ಯಾಂಪೂವಿಗಿಂತ ತುಂಬಾ ಕ್ಷಾರೀಯ. ಕ್ಯಾನಿನ ಚೀಟಿ ತೋರಿಸಿ ಎಂದು ಕೇಳಿ ನೋಡಿದೆ, ಪಿಎಚ್ 12 ಎಂದಿತ್ತು. ಇದು ಜಿಡ್ಡನ್ನೂ ಸತ್ತ ಹುಳುಗಳನ್ನೂ ಕರಗಿಸುತ್ತದೆ, ಜೊತೆಗೆ ನೀವು ಕೈಯಾರೆ ಹಚ್ಚಿದ ವ್ಯಾಕ್ಸನ್ನೂ ಸವೆಸುತ್ತದೆ. ಯಂತ್ರವೇ ಕೊನೆಗೆ ಸಿಂಪಡಿಸುವ ವ್ಯಾಕ್ಸ್ ಅದಕ್ಕೆ ಬದಲಿಯಲ್ಲ. ನನ್ನ ಕಾರಿನಲ್ಲಿ ನೀರು ಮುತ್ತುಗಟ್ಟುವುದು ಒಂದೇ ವಾರಕ್ಕೆ ನಿಂತುಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಮನೆಯಲ್ಲಿ ಗಟ್ಟಿ ವ್ಯಾಕ್ಸ್ ಹಚ್ಚುತ್ತೇನೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಕಾದ ಬಾನೆಟ್ ಮೇಲೆ ಈ ನೊರೆ ಬೀಳಬಾರದು, ಒಣಗಿ ಕಲೆ ಕಟ್ಟುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋಗುವುದು ಒಳ್ಳೆಯದು, ಸಾಲೂ ಇರುವುದಿಲ್ಲ.

ಸಣ್ಣ ಹ್ಯಾಚ್‌ಬ್ಯಾಕ್ ಇರುವವರು ಗಮನಿಸಬೇಕಾದ ಇನ್ನೊಂದು ಸಂಗತಿ ಹಿಂಬದಿ. ಗೋಡೆಯಂತೆ ನೇರವಾಗಿ ಕತ್ತರಿಸಿದ ಹಿಂಬದಿಯ ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿಸುತ್ತಿ ಚಕ್ರ ಎಬ್ಬಿಸಿದ ಕೆಸರನ್ನೂ ಹೊಗೆಯನ್ನೂ ತಂದು ಡಿಕ್ಕಿಯ ಬಾಗಿಲಿಗೆ ಮೆತ್ತುತ್ತದೆ. ಈ ತೆಳು ಪದರವನ್ನು ಯಂತ್ರ ಪೂರ್ತಿ ತೆಗೆದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಒಣಗಿದ ಮೇಲೆ ಬೆರಳಾಡಿಸಿದರೆ ಬೂದು ಬಣ್ಣ ಅಂಟುತ್ತದೆ. ಹಾಗಾಗಿ ತಿಂಗಳಿಗೊಂದು ಭಾನುವಾರ ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು, ಹಿಂಬದಿಯನ್ನಾದರೂ ಕೈಯಲ್ಲೇ ತೊಳೆಯುತ್ತೇನೆ. ಯಂತ್ರ ಮೊದಲೇ ಮರಳನ್ನೂ ಮಣ್ಣನ್ನೂ ತೆಗೆದಿರುವುದರಿಂದ ಆಗ ಉಜ್ಜಿದರೂ ಗೀರು ಬೀಳುವ ಭಯ ಕಡಿಮೆ.

ಗೀರು ಎಂದಾಗ ನೆನಪಾಯಿತು. ನನ್ನ ಕಾರಿನಲ್ಲಿ ಹೊಸ ಗೀರುಗಳು ಕಂಡದ್ದು ಯಂತ್ರದಿಂದಲ್ಲ, ಯಂತ್ರ ನಿಂತ ಮೇಲೆ. ಗಾಳಿ ಊದಿದರೂ ಕನ್ನಡಿಯ ಸಂದಿನಲ್ಲಿ, ನಂಬರ್ ಪ್ಲೇಟಿನ ಹಿಂದೆ ನೀರು ಉಳಿಯುತ್ತದೆ. ಅದನ್ನು ಒರೆಸಲು ಬರುವವರ ಕೈಯಲ್ಲಿ ಹಿಂದಿನ ಕಾರಿನ ಚಕ್ರ ಒರೆಸಿದ ಅದೇ ಬಟ್ಟೆ. ಅದರ ಎಳೆಯೊಳಗೆ ಸಿಕ್ಕಿದ ಒಂದು ಮರಳಿನ ಕಣ ಸಾಕು. ಈಗ ನನ್ನದೇ ಮೈಕ್ರೋಫೈಬರ್ ಬಟ್ಟೆ ಎರಡು ಇಟ್ಟುಕೊಂಡಿದ್ದೇನೆ, “ಒರೆಸುವುದು ಬೇಡ ತಮ್ಮ, ನಾನೇ ಒರೆಸಿಕೊಳ್ಳುತ್ತೇನೆ” ಎಂದು ಮೊದಲೇ ಹೇಳುತ್ತೇನೆ. ಮೆಚ್ಚುಗೆಗೆಂದು ಬಾನೆಟ್ ತೆರೆದು ಎಂಜಿನ್‌ಗೆ ಪ್ರೆಶರ್ ಗನ್ ಹಿಡಿಯಲು ಬಂದರೂ ಬೇಡವೆನ್ನಿ. ವೈರಿನ ಕನೆಕ್ಟರ್‌ಗಳೊಳಗೆ ನೀರು ಹೋದರೆ ತೊಂದರೆ ದೊಡ್ಡದು.

ಒಳಗೆ ಬಿಡುವ ಮೊದಲು ಛಾವಣಿಯ ಆಂಟೆನಾ ತಿರುಗಿಸಿ ತೆಗೆಯುತ್ತೇನೆ, ಕನ್ನಡಿ ಮಡಚುತ್ತೇನೆ, ವೈಪರ್ ನಿಲ್ಲಿಸಿ, ಎಸಿಯನ್ನು ಒಳಗಿನ ಗಾಳಿಯೇ ಸುತ್ತುವಂತೆ ಇಡುತ್ತೇನೆ. ಇಲ್ಲದಿದ್ದರೆ ನೊರೆಯ ವಾಸನೆ ಎರಡು ದಿನ ಹೋಗುವುದಿಲ್ಲ. ಬಾನೆಟ್ ಮತ್ತು ಮುಂದಿನ ಗಾಜಿನ ನಡುವಿನ ಜಾಲರಿಯಲ್ಲಿ ಎಲೆ ತುಂಬಿದ್ದರೆ ತೆಗೆಯಿರಿ. ನಮ್ಮ ಮನೆ ಮುಂದೆ ಮಾವಿನ ಮರವಿರುವುದರಿಂದ ಇದು ನನಗೆ ಪ್ರತಿ ಸಲದ ಕೆಲಸ. ಆ ದಾರಿ ಕಟ್ಟಿದರೆ ನೀರು ಹರಿದು ಹೋಗಲು ಜಾಗವಿಲ್ಲದೆ ನಿಲ್ಲುತ್ತದೆ, ಕೆಲವೊಮ್ಮೆ ಕಾಲಡಿಯ ಮ್ಯಾಟ್ ತನಕ ಬರುತ್ತದೆ. ಹೊರಗೆ ಬಂದ ಮೇಲೆ ಖಾಲಿ ರಸ್ತೆಯಲ್ಲಿ ಮೂರು ನಾಲ್ಕು ಸಲ ಮೆಲ್ಲನೆ ಬ್ರೇಕ್ ಒತ್ತಿ ಒಣಗಿಸಬೇಕು. ಒದ್ದೆ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಿ ಒಮ್ಮೆ ಹಿಂದಿನ ಡ್ರಮ್ ಅಂಟಿಕೊಂಡಿತ್ತು. ಅಂದಿನಿಂದ ಸಮತಟ್ಟಾದ ಅಂಗಳದಲ್ಲಿ ಗೇರ್ ಹಾಕಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುತ್ತೇನೆ.

ಪೈಂಟ್ ಅಲ್ಲಲ್ಲಿ ಎದ್ದಿರುವ, ಬಾಗಿಲಿನ ರಬ್ಬರ್ ಒಡೆದಿರುವ ಹಳೆಯ ಕಾರಾದರೆ ಮೇಲಿನ ತೊಳೆತ ಬಿಟ್ಟು ತಳ ಮಾತ್ರ ತೊಳೆದು ಕೊಡುವಿರಾ ಎಂದು ಕೇಳಿ. ನಾನು ಹೋಗುವಲ್ಲಿ ಅದಕ್ಕೆ 150 ರೂಪಾಯಿ. ಕಳೆದ ತಿಂಗಳು ಅಪ್ಪನ ಈಗಿನ ಕಾರನ್ನೂ ಅಷ್ಟಕ್ಕೇ ಕರೆದೊಯ್ದೆ. ನೆಲದ ಕಂಡಿಯಲ್ಲಿ ಹರಿದು ಹೋಗುತ್ತಿದ್ದ ಕೆಂಪು ನೀರು ತಿಳಿಯಾಗುವವರೆಗೂ ಅವರು ಬಗ್ಗಿ ನೋಡುತ್ತಲೇ ಇದ್ದರು.