ಕ್ವಾಂಟೀಡಾ ಮತ್ತು ಪಾಪ್ಯುಲಿಸಂ ಪದಪಟ್ಟಿ: ಎಣಿಕೆ ಪಕ್ಕಾ, ಅರ್ಥ ನಾವೇ ನೋಡಬೇಕು

ಪಕ್ಷಗಳ ಚುನಾವಣಾ ಪ್ರಣಾಳಿಕೆಗಳಲ್ಲಿ ಪಾಪ್ಯುಲಿಸಂ (ಜನ ಒಳ್ಳೆಯವರು, ಗಣ್ಯರು ಕೆಟ್ಟವರು ಎನ್ನುವ ರಾಜಕೀಯ ಧೋರಣೆ) ಎಷ್ಟಿದೆ ಎಂದು ಕಂಪ್ಯೂಟರಿನಲ್ಲಿ ಅಳೆಯಲು ಹೊರಟವರಿಗೆ ಸುಲಭವಾಗಿ ಕೈಗೆ ಸಿಗುವ ಜೋಡಿ ಇದು: ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯ ವಿಶ್ಲೇಷಿಸುವ ಕ್ವಾಂಟೀಡಾ ಪ್ಯಾಕೇಜು, ಮತ್ತು ರೋಡೈನ್, ಪೌವೆಲ್ಸ್ ಎಂಬ ಸಂಶೋಧಕರಿಬ್ಬರೂ 2011ರಲ್ಲಿ ಪ್ರಕಟಿಸಿದ, ಪಾಪ್ಯುಲಿಸಂ ಸೂಚಿಸುವ ಪದಗಳ ಪಟ್ಟಿ. ಎರಡಕ್ಕೂ ಕಾಸು ಕೊಡಬೇಕಿಲ್ಲ. ಪಠ್ಯಕ್ಕೆ ಹಲವು ದೇಶಗಳ ಪ್ರಣಾಳಿಕೆಗಳನ್ನು ಸಂಗ್ರಹಿಸುವ ಮ್ಯಾನಿಫೆಸ್ಟೊ ಪ್ರಾಜೆಕ್ಟ್ ಇದೆ. ಹೆಸರು ನೋಂದಾಯಿಸಿದರೆ ಪಠ್ಯ ಇಳಿಸಿಕೊಳ್ಳಲು ಕೀ (ಪ್ರವೇಶ ಸಂಕೇತ) ಕೊಡುತ್ತಾರೆ.

ಪ್ಯಾಕೇಜಿನ ಬಗ್ಗೆ ತಕರಾರೇ ಇಲ್ಲ. ವೇಗವಾಗಿದೆ, ದಾಖಲೆಪತ್ರ ಚೆನ್ನಾಗಿದೆ. 3ನೇ ಆವೃತ್ತಿಯಿಂದ ಪಠ್ಯವನ್ನು ಮೊದಲು ಬಿಡಿ ಪದಗಳಾಗಿ, ಅಂದರೆ ಟೋಕನ್‌ಗಳಾಗಿ ಒಡೆದು, ಆಮೇಲೆ ಪದಕೋಷ್ಟಕ (ಯಾವ ಪದ ಎಷ್ಟು ಸಲ ಬಂದಿದೆ ಎಂಬ ಪಟ್ಟಿ) ಮಾಡಬೇಕು. ಹಳೆಯ ಕೋಡ್ ತಂದು ಅಂಟಿಸಿದವರು ಎಡವುವುದು ಇಲ್ಲೇ. ಅದಕ್ಕಿಂತ ದೊಡ್ಡ ಗುಂಡಿ ಕ್ರಮದಲ್ಲಿದೆ. ಪದಪಟ್ಟಿ ಹಾಯಿಸಿದ ಕೂಡಲೇ ಪಟ್ಟಿಯಲ್ಲಿಲ್ಲದ ಪದಗಳೆಲ್ಲ ಕೋಷ್ಟಕದಿಂದ ಹೊರಬೀಳುತ್ತವೆ. ಆಮೇಲೆ ಅನುಪಾತ (ಒಟ್ಟು ಪದಗಳಲ್ಲಿ ಎಷ್ಟು ಪಾಲು ಎಂಬುದು) ತೆಗೆದರೆ, ಒಂದೇ ವರ್ಗವಿರುವ ಪಟ್ಟಿಯಲ್ಲಿ ಒಂದಾದರೂ ಪದ ಸಿಕ್ಕ ಪಕ್ಷಕ್ಕೆಲ್ಲ ನೂರಕ್ಕೆ ನೂರು ಬರುತ್ತದೆ. ಮೊದಲು ಅನುಪಾತ, ಆಮೇಲೆ ಪಟ್ಟಿ.

ಸ್ಟೆಮ್ಮಿಂಗ್ (ಪದದ ಪ್ರತ್ಯಯ ಕತ್ತರಿಸಿ ಮೂಲರೂಪಕ್ಕೆ ತರುವುದು) ಬೇಡವೇ ಬೇಡ. 'ಎಸ್ಟಾಬ್ಲಿಷ್‌ಮೆಂಟ್' ಪದದ ಬಾಲ ಕತ್ತರಿಸಿ 'ಎಸ್ಟಾಬ್ಲಿಷ್' ಮಾಡಿಬಿಟ್ಟರೆ, ಎಮ್ ಅಕ್ಷರದವರೆಗೂ ಹೊಂದಬೇಕೆನ್ನುವ ಪಟ್ಟಿಯ ಮಾದರಿಗೆ (establishm*; ನಕ್ಷತ್ರವಿದ್ದಲ್ಲಿ ಯಾವ ಅಕ್ಷರ ಬಂದರೂ ಸರಿ) ಅದು ಸಿಗುವುದಿಲ್ಲ. 'ಅನ್‌ಡೆಮಾಕ್ರಟಿಕ್' ಗತಿಯೂ ಅದೇ. ಪಿಡಿಎಫ್‌ನಿಂದ ತೆಗೆದ ಪಠ್ಯವಾದರೆ ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ, ಪುಟದಡಿಯ ಘೋಷಣೆಗಳನ್ನು ಅಳಿಸಿ. 60 ಪುಟಗಳಲ್ಲಿ ಮರುಕಳಿಸುವ ಒಂದು ಘೋಷಣೆ 60 ಸಲ ಎಣಿಕೆಯಾಗುತ್ತದೆ.

ಇನ್ನು ಪದಪಟ್ಟಿ. ಜನರನ್ನು ಒಳ್ಳೆಯವರೆಂದೂ ಗಣ್ಯರನ್ನು ಕೆಟ್ಟವರೆಂದೂ ಎದುರುಬದುರು ನಿಲ್ಲಿಸುವುದು ಪಾಪ್ಯುಲಿಸಂ. ಈ ಪಟ್ಟಿ ಅಳೆಯುವುದು ಎರಡನೆಯ ಅರ್ಧ ಮಾತ್ರ. 'ನಾವು', 'ನಮ್ಮ' ಎಂಬ ಪದ ಜನರನ್ನು ಸೂಚಿಸುತ್ತದೋ ಪಕ್ಷವನ್ನೋ ಎಂದು ಎಣಿಕೆಯಿಂದ ತಿಳಿಯದಾದ್ದರಿಂದ ಮೊದಲ ಅರ್ಧವನ್ನು ಲೇಖಕರೇ ಕೈಬಿಟ್ಟರು. ಅದು ಪ್ರಾಮಾಣಿಕ ನಿರ್ಧಾರ. ಆದರೆ ಬಳಸುವವರು ಅದನ್ನು ಮರೆತು ಅಂಕಿಗೆ 'ಪಾಪ್ಯುಲಿಸಂ' ಎಂದೇ ಹೆಸರಿಟ್ಟುಬಿಡುತ್ತಾರೆ.

ಸುಳ್ಳು ಹೊಂದಿಕೆಗಳೂ ಬಹಳ. 'ಎಲೀಟ್' (ಅಗ್ರ ಶ್ರೇಣಿಯ) ಕ್ರೀಡಾಪಟುಗಳಿಗೆ ಅನುದಾನದ ಭರವಸೆ, ಹೊಸ ನಿಧಿಯ ಸ್ಥಾಪನೆ ಎಂಬರ್ಥದ 'ಎಸ್ಟಾಬ್ಲಿಷ್‌ಮೆಂಟ್', ನ್ಯಾಯಾಲಯದ ತೀರ್ಪು ಎಂಬರ್ಥದ 'ರೂಲಿಂಗ್': ಎಲ್ಲವೂ ಗಣ್ಯವಿರೋಧದ ಲೆಕ್ಕಕ್ಕೇ. 'ರೆಫರೆಂಡಮ್' ಇನ್ನೂ ಕಷ್ಟ. ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವ) ಒಪ್ಪಂದದ ಮೇಲೆ ಮತ್ತೊಂದು ಜನಮತಗಣನೆ ಬೇಕೆಂದು 2017ರಲ್ಲಿ ಕೇಳಿದ್ದು ಯುರೋಪ್ ಪರವಾದ ಲಿಬರಲ್ ಡೆಮಾಕ್ರಾಟ್ ಪಕ್ಷ. ಆ ಬೇಡಿಕೆಯ ಪ್ರತಿ ಉಲ್ಲೇಖವೂ ಅದರ ಅಂಕ ಏರಿಸುತ್ತದೆ. ಜರ್ಮನ್‌ನಲ್ಲಿ ಸಮಸ್ಯೆ ತಿರುಗುಮುರುಗು, ಸಿಗಬೇಕಾದ ಪದವೇ ತಪ್ಪಿಹೋಗುತ್ತದೆ: 'ಮಾಖ್ಟ್‌ಎಲೀಟೆ'ಯಂಥ (ಅಧಿಕಾರಸ್ಥ ಗಣ್ಯರು) ಸಮಾಸಪದ ಸಿಗಬೇಕಾದರೆ ಮಾದರಿಯ ಮುಂದೆಯೂ ನಕ್ಷತ್ರ ಹಾಕಬೇಕು.

ಚಿಕ್ಕ ಪ್ರಣಾಳಿಕೆಗಳಲ್ಲಿ ಇದು ಫಲಿತಾಂಶವನ್ನೇ ಬುಡಮೇಲು ಮಾಡುತ್ತದೆ. 2,000 ಪದಗಳಲ್ಲಿ 4 ಹೊಂದಿಕೆ ಎಂದರೆ ಶೇ. 0.2. ಅದರಲ್ಲಿ ಎರಡು ಸುಳ್ಳಾದರೆ ಅಂಕ ಅರ್ಧಕ್ಕಿಳಿಯಿತು. ಆದ್ದರಿಂದ ಕ್ವಾಂಟೀಡಾದ 'ಕ್ವಿಕ್' (kwic, ಪದವನ್ನು ಅದರ ಸಂದರ್ಭದೊಂದಿಗೆ ತೋರಿಸುವ) ಸೌಲಭ್ಯದಲ್ಲಿ ಪ್ರತಿ ಹೊಂದಿಕೆಯನ್ನೂ ಅಕ್ಕಪಕ್ಕದ ಹತ್ತು ಪದಗಳ ಸಮೇತ ಓದಿ; ಪ್ಯಾಕೇಜಿನಲ್ಲಿ ಅತ್ಯಂತ ಬೆಲೆಬಾಳುವ ಭಾಗ ಇದೇ.

ಯಾವ ಪ್ರಣಾಳಿಕೆಯನ್ನು ಗಮನಿಸಿ ಓದಬೇಕೆಂದು ಸೋಸಲು ಪಟ್ಟಿಯನ್ನು ಜರಡಿಯಾಗಿ ಬಳಸುವವರಿಗೆ ನನ್ನ ಪೂರ್ತಿ ಶಿಫಾರಸು. ಪಕ್ಷಗಳಿಗೆ ದಶಮಾಂಶದ ರ‍್ಯಾಂಕ್ ಕೊಡಲು ಹೊರಟವರು ಮೊದಲು ಒಂದಷ್ಟು ಪ್ಯಾರಾಗಳನ್ನು ಇಬ್ಬರಿಂದ ಬೇರೆಬೇರೆಯಾಗಿ ಓದಿಸಿ ಗುರುತು ಹಾಕಿಸಲಿ, ಅವರಿಬ್ಬರ ಹೊಂದಾಣಿಕೆಯನ್ನು ಕ್ರಿಪೆಂಡಾರ್ಫ್ ಆಲ್ಫಾ ಎಂಬ ಅಳತೆಗೋಲಿನಲ್ಲಿ ಅಳೆಯಲಿ, ಆ ಗುರುತುಗಳ ಪಕ್ಕದಲ್ಲೇ ಯಂತ್ರದ ಅಂಕ ಪ್ರಕಟಿಸಲಿ.